ಒಡೆಯರ ನಿಲುವು, ಕಾಯಕದವರ ನಂಬಿಕೆ

ಉದ್ಯೋಗದಲ್ಲಿರುವ ಸದ್ಭಕ್ತರು ಶ್ರೀಮಠಕ್ಕೆ ಬಂದಾಗ ಇತ್ತೀಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಸಂಬಳ ಕೊಡುವ ಸಂಸ್ಥೆಯು ಸಾಮಾಜಿಕ ವಿಷಯವೊಂದರಲ್ಲಿ ಬಹಿರಂಗವಾಗಿ ತಳೆದ ನಿಲುವು ತಮ್ಮ ನಂಬಿಕೆಗೆ ವಿರುದ್ಧವಾದರೆ ಏನು ಮಾಡಬೇಕು?

ಈ ಇಕ್ಕಟ್ಟು ಬಸವಣ್ಣನವರಿಗೂ ಬಂದಿತ್ತು. ಅವರು ಕಲಚುರಿ ಬಿಜ್ಜಳನ ಭಂಡಾರಿಗಳಾಗಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ನೌಕರರು. ಅರಮನೆಯು ವರ್ಣವ್ಯವಸ್ಥೆಯನ್ನು ಕಾಯುತ್ತಿದ್ದರೆ, ಅವರ ಮಹಾಮನೆಯಲ್ಲಿ ಎಲ್ಲ ಕುಲದವರೂ ಒಟ್ಟಿಗೆ ಪ್ರಸಾದ ಸ್ವೀಕರಿಸುತ್ತಿದ್ದರು. ಇದು ಗುಟ್ಟಾಗಿರಲಿಲ್ಲ. ಆದರೂ ಅವರು ಹುದ್ದೆಯಲ್ಲಿ ಮುಂದುವರಿದರು. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆಯೆಂದು ಚಾಡಿ ಹೇಳಿದವರಿದ್ದರು. ಲೆಕ್ಕ ನೋಡಿದಾಗ ಏನೂ ಕಡಿಮೆಯಾಗಿರಲಿಲ್ಲವೆಂದು ನಮ್ಮ ಪರಂಪರೆ ನೆನೆಯುತ್ತದೆ. ನಂಬಿಕೆ ಬೇರೆಯಾಯಿತೆಂದು ಕಾಯಕದಲ್ಲಿ ಲೋಪ ಮಾಡಲು ಅವರು ಒಪ್ಪಲಿಲ್ಲ. ನಮ್ಮ ತರುಣರು ಈ ಭಾಗವನ್ನು ಅಷ್ಟಾಗಿ ಗಮನಿಸುವುದಿಲ್ಲ.

ಮುಂದೆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹವನ್ನು ಅರಸೊತ್ತಿಗೆಯು ಅಪರಾಧವೆಂದು ಕಂಡಿತು. ಬಸವಣ್ಣನವರು ಗಡೀಪಾರಾದರೆಂದು ಕೆಲವರು, ತಾವಾಗಿಯೇ ಕೂಡಲಸಂಗಮಕ್ಕೆ ಹೊರಟರೆಂದು ಕೆಲವರು ಹೇಳುತ್ತಾರೆ. ಆ ವಿವಾಹವನ್ನು ಅವರು ತಳ್ಳಿಹೇಳಲಿಲ್ಲವೆಂಬುದರಲ್ಲಿ ಎರಡು ಮಾತಿಲ್ಲ. ಅರಸನ ನಿಲುವನ್ನು ಸಹಿಸಿಕೊಂಡಿರುವುದು ಬೇರೆ, ಅದನ್ನು ತಮ್ಮದೆಂದು ಸಾರುವುದು ಬೇರೆ.

ಕಾನೂನಿನ ಮಾತು ಸ್ವಲ್ಪವೇ ಇದೆ. ರಾಜ್ಯ ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳ ಮಿತಿಯುಂಟು. ಸಂವಿಧಾನದ 19ನೆಯ ವಿಧಿಯ ವಾಕ್‌ಸ್ವಾತಂತ್ರ್ಯವು ಮುಖ್ಯವಾಗಿ ಪ್ರಭುತ್ವದ ಎದುರಿನ ರಕ್ಷಣೆ. ಖಾಸಗಿ ಕಂಪನಿಯಲ್ಲಿರುವವರು ಮೊದಲು ತಮ್ಮ ನೇಮಕಾತಿ ಪತ್ರದ ಷರತ್ತುಗಳನ್ನು ಓದಿಕೊಳ್ಳುವುದು ಲೇಸು.

ಇಷ್ಟಕ್ಕೇ ನಿಲ್ಲಿಸಿದರೆ ನಮಗೆ ಅನುಕೂಲವಾಗುತ್ತಿತ್ತು. ಆದರೆ ಮಠಗಳೂ ಉದ್ಯೋಗದಾತರೇ. ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ವರದಿಯನ್ನು ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಒಪ್ಪಿದಾಗ ಮಠಗಳು ಪರವಾಗಿಯೂ ವಿರೋಧವಾಗಿಯೂ ಬಹಿರಂಗವಾಗಿ ನಿಂತವು. ಮಠಗಳ ಶಾಲೆಗಳಲ್ಲಿ, ಪ್ರಸಾದನಿಲಯಗಳಲ್ಲಿ ದುಡಿಯುವವರೆಲ್ಲರ ಅಭಿಪ್ರಾಯ ಒಂದೇ ಆಗಿರಲು ಹೇಗೆ ಸಾಧ್ಯ? ಅವರಲ್ಲಿ ಅನ್ಯಧರ್ಮೀಯರೂ ಇದ್ದಾರೆ.

ಸಂಸ್ಥೆಯ ಹೆಸರಿನಲ್ಲಿ ಬೇರೆ ಮಾತನಾಡಬೇಡಿರೆಂದು ಅಧ್ಯಾಪಕರನ್ನು ಕೇಳಿಕೊಳ್ಳುವ ಹಕ್ಕು ಮಠಕ್ಕಿದೆಯೆಂದು ನಾವು ಭಾವಿಸುತ್ತೇವೆ. ಪಾಠದಲ್ಲಿ ಶ್ರದ್ಧೆಯನ್ನು ನಿರೀಕ್ಷಿಸುವುದೂ ಸರಿಯೇ. ಆದರೆ ಸಮಾವೇಶಕ್ಕೆ ಬರಲೇಬೇಕೆನ್ನುವುದು, ಮನವಿಪತ್ರಕ್ಕೆ ಸಹಿಯನ್ನು ಸಂಬಳದೊಡನೆ ಜೋಡಿಸುವುದು ಬಿಜ್ಜಳನ ದಾರಿಯಾದೀತು. ಅಂಥ ಪತ್ರವನ್ನು ಸಿಬ್ಬಂದಿಯ ಕೊಠಡಿಯಲ್ಲಿ ಇರಿಸಬೇಕಾಗಿ ಬಂದರೂ, ಸಹಿ ಹಾಕದವರ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳತಕ್ಕದ್ದಲ್ಲ.