ಶ್ವಾಸನಾಳ ಹಿಗ್ಗಿಸುವ ಔಷಧಗಳು

ಶ್ವಾಸನಾಳ ಹಿಗ್ಗಿಸುವ ಔಷಧಗಳು (ಬ್ರಾಂಕೋಡೈಲೇಟರ್‌ಗಳು) ಶ್ವಾಸನಾಳಗಳ ಸುತ್ತಲಿನ ಸ್ನಾಯುಗಳನ್ನು ಸಡಿಲಿಸಿ ಗಾಳಿಯ ದಾರಿಯನ್ನು ಅಗಲಗೊಳಿಸುತ್ತವೆ. ಅಸ್ತಮಾ (ಉಬ್ಬಸ, ಆಡುಮಾತಿನಲ್ಲಿ ದಮ್ಮು) ಚಿಕಿತ್ಸೆಯಲ್ಲಿ ಇವುಗಳನ್ನು ಮುಖ್ಯವಾಗಿ ಇನ್‌ಹೇಲರ್ ಮೂಲಕ ನೀಡಲಾಗುತ್ತದೆ.

ಹಿನ್ನೆಲೆ

ಅಸ್ತಮಾ ರೋಗಿಗಳ ಶ್ವಾಸನಾಳಗಳಲ್ಲಿ ಉರಿಯೂತವಿರುತ್ತದೆ. ಧೂಳು, ಹೊಗೆ, ಪರಾಗ ಅಥವಾ ತಂಪು ಗಾಳಿ ತಗುಲಿದಾಗ ಸ್ನಾಯುಗಳು ಬಿಗಿದು, ಒಳಪದರ ಊದಿಕೊಂಡು, ಲೋಳೆ ಹೆಚ್ಚುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗವು ಸುಣ್ಣದ ಕಲ್ಲು, ನೆಲಹಾಸಿನ ಶಹಾಬಾದ್ ಕಲ್ಲು ಹಾಗೂ ಸಿಮೆಂಟ್ ಉದ್ಯಮಕ್ಕೆ ಹೆಸರಾಗಿದೆ. ಇಂತಹ ಪ್ರದೇಶಗಳಲ್ಲಿ ಧೂಳು ಅಸ್ತಮಾವನ್ನು ಕೆರಳಿಸುವ ಪ್ರಮುಖ ಕಾರಣಗಳಲ್ಲೊಂದು.

ಕಾರ್ಯವಿಧಾನ

ಸಾಲ್ಬುಟಮಾಲ್ ಸ್ನಾಯುಕೋಶಗಳ ಮೇಲಿನ ಬೀಟಾ-2 ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಇದರಿಂದ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚಿ, ಕ್ಯಾಲ್ಸಿಯಂ ಪ್ರಮಾಣ ತಗ್ಗಿ, ಸ್ನಾಯು ಸಡಿಲಗೊಳ್ಳುತ್ತದೆ. ಪರಿಣಾಮವು ಸುಮಾರು 5 ನಿಮಿಷಗಳಲ್ಲಿ ಆರಂಭವಾಗಿ 4ರಿಂದ 6 ಗಂಟೆ ಉಳಿಯುತ್ತದೆ. ಫಾರ್ಮೊಟೆರಾಲ್ ಮತ್ತು ಸಾಲ್ಮೆಟೆರಾಲ್ ಸುಮಾರು 12 ಗಂಟೆ ಕೆಲಸ ಮಾಡುತ್ತವೆ. ಇಪ್ರಾಟ್ರೋಪಿಯಂ ಬೇರೆ ಬಗೆಯದು. ಸ್ನಾಯುಗಳನ್ನು ಬಿಗಿಗೊಳಿಸುವ ಅಸಿಟೈಲ್‌ಕೋಲೀನ್‌ನ ಸಂದೇಶವನ್ನು ಅದು ತಡೆಯುತ್ತದೆ.

ಉಸಿರಿನ ಮೂಲಕ ಕೊಡುವ ಔಷಧ ನೇರವಾಗಿ ಶ್ವಾಸನಾಳಗಳನ್ನು ತಲುಪುವುದರಿಂದ ಅಲ್ಪ ಪ್ರಮಾಣ ಸಾಕಾಗುತ್ತದೆ. ಇನ್‌ಹೇಲರ್‌ನ ಒಂದು ಒತ್ತಿಗೆ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಸಾಲ್ಬುಟಮಾಲ್ ಹೊರಬರುತ್ತದೆ. ಇದು 4 ಮಿಲಿಗ್ರಾಂ ಮಾತ್ರೆಯ 40ನೇ ಒಂದು ಭಾಗ. ಹೀಗಾಗಿ ಕೈನಡುಕ, ಎದೆಬಡಿತದಂತಹ ಅಡ್ಡಪರಿಣಾಮಗಳೂ ಕಡಿಮೆ.

ಬಳಕೆ

ಇನ್‌ಹೇಲರನ್ನು ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಉಸಿರೆಳೆಯಲು ಆರಂಭಿಸುವಾಗ ಒತ್ತಬೇಕು. ಬಳಿಕ ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಸ್ಪೇಸರ್ ಜೋಡಿಸಿದರೆ ಗಂಟಲಲ್ಲಿ ಉಳಿಯುವ ಔಷಧ ಕಡಿಮೆಯಾಗಿ, ಶ್ವಾಸಕೋಶಕ್ಕೆ ತಲುಪುವುದು ಸುಲಭವಾಗುತ್ತದೆ.

ಇತಿಹಾಸ

19ನೇ ಶತಮಾನದ ಆರಂಭದಲ್ಲಿ ದತ್ತೂರದ ಹೊಗೆ ಸೇದುವ ಚಿಕಿತ್ಸೆ ಮದ್ರಾಸಿನಿಂದ ಬ್ರಿಟನ್ನಿಗೆ ಪರಿಚಯವಾಯಿತು. ದತ್ತೂರದಲ್ಲಿರುವ ಅಟ್ರೋಪಿನ್ ಇಪ್ರಾಟ್ರೋಪಿಯಂ ಗುಂಪಿನ ಔಷಧಗಳ ಪೂರ್ವಜ. ಸಾಲ್ಬುಟಮಾಲ್ 1969ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದಿತು.

ಮಿತಿಗಳು

ಈ ಔಷಧಗಳು ಬಿಗಿತವನ್ನು ಸಡಿಲಿಸುತ್ತವೆಯೇ ಹೊರತು ಉರಿಯೂತವನ್ನು ಶಮನಗೊಳಿಸುವುದಿಲ್ಲ. ಆದ್ದರಿಂದ 2019ರಿಂದ ಜಾಗತಿಕ ಅಸ್ತಮಾ ಮಾರ್ಗಸೂಚಿಯು (ಜೀನಾ) ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಸಾಲ್ಬುಟಮಾಲ್ ಒಂದನ್ನೇ ನೀಡುವುದನ್ನು ಶಿಫಾರಸು ಮಾಡುತ್ತಿಲ್ಲ. ಉಸಿರಿನ ಮೂಲಕ ಕೊಡುವ ಸ್ಟಿರಾಯ್ಡ್ ಜೊತೆಗಿರಬೇಕು. ಇನ್‌ಹೇಲರ್ ಪದೇ ಪದೇ ಬೇಕಾಗುವುದು ರೋಗ ಹತೋಟಿಯಲ್ಲಿಲ್ಲವೆಂಬುದರ ಸೂಚನೆ. ಔಷಧ ತೆಗೆದುಕೊಂಡರೂ ಉಬ್ಬಸ ತಗ್ಗದಿದ್ದರೆ, ಮಾತನಾಡಲೂ ಉಸಿರು ಸಾಲದಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕಲ್ಲಿನ ಕೆಲಸಗಾರರಲ್ಲಿ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ಬೇರೆಯೇ ರೋಗ. ಅದರಲ್ಲಿ ಶ್ವಾಸಕೋಶದ ಅಂಗಾಂಶವೇ ಗಡುಸಾಗುವುದರಿಂದ ಈ ಔಷಧಗಳು ಅದನ್ನು ಸರಿಪಡಿಸಲಾರವು. ಔಷಧ ಕೊಡುವ ಮೊದಲು ಮತ್ತು ನಂತರ ನಡೆಸುವ ಸ್ಪೈರೋಮೆಟ್ರಿ ಪರೀಕ್ಷೆಯು ಅಸ್ತಮಾವನ್ನು ಗುರುತಿಸಲು ನೆರವಾಗುತ್ತದೆ.