ಸೈನೈಡ್ ದಿಬ್ಬದಂಚಿನ ನೀಲಕಂಠ

ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ದೂರದಿಂದ ಕಂಡವರು ಅವನ್ನು ಬೆಟ್ಟಗಳೆಂದೇ ತಿಳಿಯುತ್ತಾರೆ. ಆದರೆ ಅವು ಚಿನ್ನವನ್ನು ಹಿಂಡಿಕೊಂಡ ಮೇಲೆ ಮನುಷ್ಯ ಬಿಸುಟ ಕಲ್ಲಿನ ಹುಡಿ. ಬೇಸಿಗೆಯಲ್ಲಿ ಗಾಳಿ ಎದ್ದಿತೆಂದರೆ ಆ ಧೂಳು ಸುತ್ತಲ ಮನೆಗಳ ಅಂಗಳಕ್ಕೂ ಬಂದು ಕೂರುತ್ತದೆ. ಫೆಬ್ರವರಿಯ ಒಂದು ಮುಂಜಾನೆ ಇಂಥದೊಂದು ದಿಬ್ಬದಂಚಿನ ವಿದ್ಯುತ್ ತಂತಿಯ ಮೇಲೆ ನೀಲಕಂಠವೊಂದು ಕುಳಿತಿತ್ತು. ಕುಳಿತಾಗ ಅದು ಕಂದುಬಣ್ಣದ ಸಾಧಾರಣ ಹಕ್ಕಿ. ನೆಲದ ಮೇಲಿನ ಮಿಡತೆಗೆಂದು ರೆಕ್ಕೆ ಬಿಚ್ಚಿದಾಗ ಮಾತ್ರ ಎರಡು ಬಗೆಯ ನೀಲಿ ಒಮ್ಮೆಲೇ ಹೊಳೆಯಿತು. ನಮ್ಮ ರಾಜ್ಯಪಕ್ಷಿ ಅದು. ನಾನು ಕೂಡಲೇ ಕ್ಯಾಮೆರಾ ಎತ್ತಲಿಲ್ಲ. ಮೊದಲು ಕಿಸೆಯ ಪುಸ್ತಕದಲ್ಲಿ ದಿನಾಂಕ, ವೇಳೆ, ಸ್ಥಳಗಳನ್ನು ಬರೆದುಕೊಂಡೆ. ಈ ಅಭ್ಯಾಸ ನನಗೆ ಸುಲಭವಾಗಿ ಬಂದದ್ದಲ್ಲ.

ನನ್ನ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. ರಾತ್ರಿ ಪಾಳಿ ಮುಗಿಸಿ ಬಂದರೆ ಅವರು ತಕ್ಷಣ ಮಲಗುತ್ತಿರಲಿಲ್ಲ. ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕುಳಿತು ಮಡಿವಾಳ ಹಕ್ಕಿಯ ಸಿಳ್ಳನ್ನು ಕೇಳುತ್ತಿದ್ದರು. ‘ಕೆಳಗೆ ಎಲ್ಲ ಸದ್ದೂ ಇದೆ, ಇದೊಂದು ಇಲ್ಲ’ ಎನ್ನುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನಾವು ಬಂಗಾರಪೇಟೆಗೆ ಬಂದು ನೆಲೆಸಿದೆವು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮರಳುವ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬನಾದೆ. ವಾರದಲ್ಲಿ ಹಗಲು ಕಾಣುತ್ತಿದ್ದದ್ದು ಭಾನುವಾರ ಮಾತ್ರ. ಆ ಹಗಲನ್ನು ನಾನು ಹಕ್ಕಿಗಳಿಗೆ ಕೊಟ್ಟೆ.

ಮನೆಯ ಹಿಂದೆ ಇದ್ದದ್ದು ಒಂದು ನುಗ್ಗೆ, ಒಂದು ಸೀಬೆ, ಒಂದು ದಾಳಿಂಬೆ ಮತ್ತು ಬೇಲಿಯ ದಾಸವಾಳ. ಇಷ್ಟಕ್ಕೇ ಎಷ್ಟೊಂದು ಅತಿಥಿಗಳು! ನುಗ್ಗೆ ಹೂವಿಗೆ ಸೂರಕ್ಕಿ, ಸೀಬೆಹಣ್ಣಿಗೆ ಪಿಕಳಾರ, ದಾಸವಾಳದ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಸಿಂಪಿಗ, ಬಟ್ಟೆ ಒಣಹಾಕುವ ತಂತಿಯ ಮೇಲೆ ಕಾಜಾಣ. ಮಳೆಗಾಲ ಮುಗಿಯುತ್ತಲೇ ಉತ್ತರದಿಂದ ಬಂದ ಬೂದು ಸಿಪಿಲೆ ಬಚ್ಚಲ ನೀರು ಹರಿಯುವ ಕಡೆ ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ಅದು ಹಿಮಾಲಯವನ್ನೋ ಅದರಾಚೆಯ ನಾಡನ್ನೋ ಬಿಟ್ಟು ನಮ್ಮ ಬಚ್ಚಲಿಗೆ ಬಂದಿದೆಯೆಂಬುದನ್ನು ನಂಬಲು ನನ್ನ ತಾಯಿ ಕೊನೆಯವರೆಗೂ ಒಪ್ಪಲಿಲ್ಲ.

2004ರಲ್ಲಿ ಸಾಲ ಮಾಡಿ ಒಂದು ಕ್ಯಾಮೆರಾ ಕೊಂಡೆ. ರೀಲಿನ ಕಾಲ, ಒಂದು ರೀಲಿಗೆ 36 ಚಿತ್ರ, ತೊಳೆಸುವ ಖರ್ಚು ಬೇರೆ. ಅದೇ ಬೇಸಿಗೆಯಲ್ಲಿ ದಾಳಿಂಬೆ ಗಿಡದಲ್ಲಿ ಪಿಕಳಾರಗಳು ಗೂಡು ಕಟ್ಟಿ ಮೂರು ಮರಿ ಮಾಡಿದವು. ಎಲೆಗಳ ಮರೆಯಲ್ಲಿ ಬೆಳಕು ಸಾಲದು. ಭಾನುವಾರ ಬೆಳಿಗ್ಗೆ ಕತ್ತರಿ ತಂದು ಎರಡು ಕೊಂಬೆಗಳನ್ನು ಸವರಿದೆ. ಬೆಳಕು ನೇರವಾಗಿ ಗೂಡಿಗೆ ಬಿತ್ತು. ತಾಯಿಹಕ್ಕಿ ಹುಳು ತಂದು ಕೊಡುವ, ಮೂರೂ ಮರಿಗಳು ಕೆಂಪು ಬಾಯಿ ತೆರೆದ ಚಿತ್ರ ಸಿಕ್ಕಿತು. ಸೋಮವಾರ ಎಂದಿನಂತೆ ರೈಲು ಹತ್ತಿದೆ. ರಾತ್ರಿ ಬಂದು ಟಾರ್ಚು ಹಾಕಿ ನೋಡಿದರೆ ಗೂಡು ಬರಿದು. ‘ಮಧ್ಯಾಹ್ನ ಕಾಗೆಗಳು ಬಂದಿದ್ದವು ಕಣೋ. ಇಷ್ಟು ದಿನ ಅವಕ್ಕೆ ಕಂಡಿರಲಿಲ್ಲ, ನೀನು ತೋರಿಸಿಕೊಟ್ಟೆ’ ಎಂದರು ತಂದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಆ ಚಿತ್ರ ಇಂದಿಗೂ ನನ್ನಲ್ಲಿದೆ, ಯಾರಿಗೂ ತೋರಿಸಿಲ್ಲ.

ಬಹಳ ದಿನಗಳ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಓದುವ ಸಂದರ್ಭ ಬಂತು. ‘ಬೇಟೆ’ ಎಂಬ ಪದವನ್ನು ಅರ್ಥೈಸುವಾಗ ಆ ಕಾಯ್ದೆ ಕೋವಿ, ಬಲೆಗಳ ಬಳಿಗೇ ನಿಲ್ಲುವುದಿಲ್ಲ. ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ಅಡಚಣೆ ಮಾಡುವುದನ್ನೂ ಬೇಟೆಯ ಸಾಲಿಗೇ ಸೇರಿಸುತ್ತದೆ. ಕೋವಿ ಹಿಡಿಯದೆಯೂ ನಾನು ಬೇಟೆಗಾರನಾಗಿದ್ದೆ.

ಈ ಮಾತನ್ನು ಈಗ ನೆನೆಯಲು ಕಾರಣವಿದೆ. ರೀಲಿನ ಖರ್ಚು ಹೋಗಿ, ಒಂದು ಗುಂಡಿ ಒತ್ತಿದರೆ ನೂರು ಚಿತ್ರ ಬರುವ ಕಾಲವಿದು. ಭಾನುವಾರಗಳಂದು ಬೇತಮಂಗಲದ ಕೆರೆಯ ಏರಿಯ ಮೇಲೆ ಉದ್ದನೆಯ ಮಸೂರಗಳನ್ನು ಹೊತ್ತ ತರುಣರನ್ನು ಕಾಣುತ್ತೇನೆ. ಅವರ ಉತ್ಸಾಹ ನನಗೆ ಇಷ್ಟ. ಆದರೆ ಕೆಲವರು ಮೊಬೈಲಿನಲ್ಲಿ ಹಕ್ಕಿಯ ದನಿಯನ್ನು ನುಡಿಸಿ ಅದನ್ನು ಪೊದೆಯಿಂದ ಹೊರಗೆಳೆಯುತ್ತಾರೆ. ತನ್ನ ಎಲ್ಲೆಯೊಳಗೆ ಎದುರಾಳಿ ನುಗ್ಗಿದನೆಂದು ಬಗೆದ ಗಂಡುಹಕ್ಕಿ ಮೇವನ್ನೂ ಗೂಡಿನ ಕಾವಲನ್ನೂ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಒಬ್ಬರ ನಂತರ ಒಬ್ಬರು ಹೀಗೆ ಮಾಡಿದರೆ ಅದರ ಗತಿಯೇನು? ಚಿತ್ರ ನೋಡಿ ಮೆಚ್ಚುವ ನಾವೂ ಅದನ್ನು ತೆಗೆದ ಬಗೆಯನ್ನು ಕೇಳುವುದಿಲ್ಲ.

ಹಾಗೆಂದು ಕ್ಯಾಮೆರಾವನ್ನೇ ದೂರುವುದು ಸರಿಯಲ್ಲ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು ಇಡುವುದೇ ಪುರಾವೆಯ ಕ್ರಮವಾಗಿತ್ತು. ಇಂದು ಒಂದು ಚಿತ್ರ ಆ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ದಿನಾಂಕ ಬೇಕು, ಸ್ಥಳ ಬೇಕು, ಜೊತೆಗೆ ಕಂಡ ಸಾಮಾನ್ಯ ಹಕ್ಕಿಗಳ ಎಣಿಕೆಯೂ ಬೇಕು. ಅಂದದ ಚಿತ್ರ ಗೋಡೆಗೆ ಸೇರುತ್ತದೆ. ಬರೆದಿಟ್ಟ ಚಿತ್ರ ಸಾಕ್ಷಿಯಾಗುತ್ತದೆ.

ಸಾಕ್ಷಿಯ ಬೆಲೆ ಎಷ್ಟೆಂಬುದಕ್ಕೆ 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಯೇ ನಿದರ್ಶನ. ಸುಮಾರು 30 ಸಾವಿರ ಹಕ್ಕಿವೀಕ್ಷಕರು ದಾಖಲಿಸಿದ ಮೂರು ಕೋಟಿ ಟಿಪ್ಪಣಿಗಳ ಆಧಾರದ ಮೇಲೆ 942 ಪ್ರಭೇದಗಳನ್ನು ಅದು ಪರಿಶೀಲಿಸಿತು. ನಾವೆಲ್ಲ ಸಾಮಾನ್ಯವೆಂದುಕೊಂಡಿದ್ದ ನೀಲಕಂಠ ದೇಶದಲ್ಲಿ ಗಣನೀಯವಾಗಿ ಇಳಿಮುಖವಾಗಿದೆ, ಅದರ ಸ್ಥಿತಿಯನ್ನು ಜಾಗತಿಕ ಮಟ್ಟದಲ್ಲಿ ಮರುಪರಿಶೀಲಿಸಬೇಕು ಎಂದಿತು. ಇದನ್ನು ಕಂಡುಹಿಡಿದದ್ದು ಅಪರೂಪದ ಹಕ್ಕಿಯ ಬೆನ್ನು ಹತ್ತಿದವರಷ್ಟೇ ಅಲ್ಲ, ಹಿತ್ತಿಲಲ್ಲಿ ಕಾಲು ಗಂಟೆ ಕುಳಿತು ಕಾಗೆ, ಗೊರವಂಕಗಳನ್ನೂ ಎಣಿಸಿದವರು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಗೆ ಭಾರತ 2013ರಲ್ಲಿ ಸೇರಿತು. ಅದಕ್ಕೆ ದೊಡ್ಡ ಮಸೂರ ಬೇಕಿಲ್ಲ, ತಾಳ್ಮೆ ಬೇಕು.

ನಮ್ಮ ಊರಿಗೆ ಈ ಕೆಲಸ ತುರ್ತಿನದು. ಗಣಿ ಮುಚ್ಚಿದ ಮೇಲೆ ಪಾಳುಬಿದ್ದ ಬಂಗಲೆಗಳ ತೋಟ, ಜಾಲಿ ಪೊದೆ, ಬಯಲುಗಳನ್ನು ಹಕ್ಕಿಗಳು ತಮ್ಮದಾಗಿಸಿಕೊಂಡಿವೆ. ಗೋಡೆಯ ಬಿರುಕಿನಲ್ಲಿ ಗೂಬೆ, ಹುಲ್ಲಿನಲ್ಲಿ ಗೌಜಲು, ತಂತಿಯ ಮೇಲೆ ಕಳ್ಳಿಪೀರ ನೆಲೆಸಿವೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, 1,003 ಎಕರೆಗಳಲ್ಲಿ ಹರಡಿರುವ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಅದರಿಂದ ಊರಿನ ಮಕ್ಕಳಿಗೆ ಕೆಲಸ ಸಿಗುವುದಾದರೆ, ಜನರ ಎದೆಗಿಳಿಯುವ ಧೂಳು ತಗ್ಗುವುದಾದರೆ ಬೇಡವೆನ್ನಲು ನಾನಾರು? ಬೆಳಗಿನ ರೈಲಿನ ದಣಿವನ್ನು ಬಲ್ಲವನು ನಾನು. ಆದರೆ ದಿಬ್ಬಗಳ ಸುತ್ತಣ ನೆಲದಲ್ಲಿ ಏನಿತ್ತೆಂದು ನಾಳೆ ಯಾರಾದರೂ ಕೇಳಿದರೆ ಹೇಳಲು ನಮ್ಮಲ್ಲಿ ಪಟ್ಟಿಯಿರಬೇಕು. ಪಟ್ಟಿಯಿದ್ದರೆ ಒಂದು ಪೊದೆಗಾಡನ್ನು, ಒಂದು ಕುಂಟೆಯನ್ನು ಬಿಟ್ಟುಕೊಡಿ ಎಂದು ಕೇಳಲಾದರೂ ಬಾಯಿರುತ್ತದೆ. ಪಟ್ಟಿಯಿಲ್ಲದ ಕಡೆ ಖಾಲಿ ಜಾಗವೆಂದು ಬರೆದುಬಿಡುವುದು ಸುಲಭ.

ಅಂದು ನೀಲಕಂಠದ ಚಿತ್ರವನ್ನು ಕೊನೆಗೂ ತೆಗೆದೆ. ದೂರದಿಂದ ತೆಗೆದದ್ದು, ಹಕ್ಕಿ ಚಿಕ್ಕದಾಗಿ ಕಾಣುತ್ತದೆ, ಹಿಂದೆ ದಿಬ್ಬವೇ ಹೆಚ್ಚು ತುಂಬಿಕೊಂಡಿದೆ. ಸ್ಪರ್ಧೆಗೆ ಕಳಿಸುವಂಥದಲ್ಲ. ಚಿತ್ರ ತೆಗೆದು ನಾನು ಹಿಂದಿರುಗಿದಾಗಲೂ ಹಕ್ಕಿ ಅದೇ ತಂತಿಯ ಮೇಲೆ ಕುಳಿತಿತ್ತು. ತಂದೆ ಇದ್ದಿದ್ದರೆ ಈ ಚಿತ್ರವನ್ನು ಅವರಿಗೆ ತೋರಿಸಬಹುದಾಗಿತ್ತು.