ಸೆಕೆಂಡಿನ ಮೂರನೇ ಒಂದು ಭಾಗ

ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಏನು ಮಹಾ ಆದೀತು ಎಂದು ನಾವು ಅಂದುಕೊಳ್ಳುತ್ತೇವೆ. 1991ರ ಫೆಬ್ರುವರಿ 25ರಂದು ಕೊಲ್ಲಿ ಯುದ್ಧದ ಸಮಯದಲ್ಲಿ, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಷ್ಟೇ ಹೊತ್ತಿನ ಲೆಕ್ಕ ತಪ್ಪಿ ಅಮೆರಿಕದ 28 ಸೈನಿಕರು ಸತ್ತರು. ಇರಾಕ್ ಹಾರಿಸಿದ ಸ್ಕಡ್ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದುರುಳಿಸಬೇಕಿದ್ದ ಪೇಟ್ರಿಯಟ್ ವ್ಯವಸ್ಥೆ ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿತ್ತು. ಕ್ಷಿಪಣಿ ಬಂದು ಬಿದ್ದದ್ದು ಸೈನಿಕರು ತಂಗಿದ್ದ ಕಟ್ಟಡದ ಮೇಲೆ.

ಯಂತ್ರವೇನೂ ಕೆಟ್ಟಿರಲಿಲ್ಲ. ಅದರೊಳಗಿನ ಕಂಪ್ಯೂಟರ್, ಆನ್ ಆದ ಕ್ಷಣದಿಂದ ಸೆಕೆಂಡಿಗೆ ಹತ್ತರಂತೆ ಎಣಿಸುತ್ತಾ ಹೋಗುತ್ತಿತ್ತು. ಎಣಿಕೆ ಸರಿಯಾಗಿಯೇ ಇತ್ತು. ಅದನ್ನು ಸೆಕೆಂಡುಗಳಿಗೆ ಬದಲಿಸಲು 0.1ರಿಂದ ಗುಣಿಸಬೇಕಿತ್ತು. ತೊಡಕು ಇದ್ದದ್ದು ಇಲ್ಲಿ. ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಮುಗಿಯದೆ ಮುಂದುವರಿಯುತ್ತದಲ್ಲ, ಹಾಗೆಯೇ 0.1 ಎಂಬುದು ಸೊನ್ನೆ-ಒಂದರ ದ್ವಿಮಾನ ಪದ್ಧತಿಯಲ್ಲಿ ಎಂದಿಗೂ ಮುಗಿಯದ ಸಂಖ್ಯೆ. ಆ ಕಂಪ್ಯೂಟರಿನಲ್ಲಿ ಅದಕ್ಕಿದ್ದ ಜಾಗ 24 ಬಿಟ್ ಮಾತ್ರ. ಉಳಿದ ಬಾಲವನ್ನು ಕತ್ತರಿಸಲಾಗಿತ್ತು.

ಕತ್ತರಿಸಿ ಹೋದದ್ದು ಸುಮಾರು 0.000000095. ಆದರೆ ಆ ಯಂತ್ರ ಅಂದು 100 ಗಂಟೆಗಳಷ್ಟು ಕಾಲದಿಂದ ನಿಲ್ಲದೆ ನಡೆದಿತ್ತು. ಅಂದರೆ 36 ಲಕ್ಷ ಎಣಿಕೆ. ಗುಣಿಸಿ ನೋಡಿ, ಸುಮಾರು 0.34 ಸೆಕೆಂಡ್ ಬರುತ್ತದೆ. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ವೇಗದ ಸ್ಕಡ್ ಅಷ್ಟರಲ್ಲಿ ಅರ್ಧ ಕಿಲೋಮೀಟರ್ ದಾಟಿರುತ್ತದೆ.

ನೋವಿನ ಸಂಗತಿಯೆಂದರೆ, ಹೆಚ್ಚು ಹೊತ್ತು ನಡೆಸಿದರೆ ಗುರಿ ಜರುಗುತ್ತದೆ ಎಂದು ಇಸ್ರೇಲ್ ಎರಡು ವಾರ ಮೊದಲೇ ತಿಳಿಸಿತ್ತು. ಬಳಸುವವರಿಗೆ ಎಚ್ಚರಿಕೆಯೂ ಹೋಗಿತ್ತು. ಆದರೆ ಹೆಚ್ಚು ಹೊತ್ತು ಎಂದರೆ ಎಷ್ಟು ಗಂಟೆ ಎಂದು ಅದರಲ್ಲಿ ಇರಲಿಲ್ಲ. ಆಗಾಗ ಆಫ್ ಮಾಡಿ ಆನ್ ಮಾಡಿದ್ದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ಮರುದಿನ.

ಇದು ಹಳೆಯ ಕಥೆ ಎಂದು ಪಕ್ಕಕ್ಕಿಡುವಂತಿಲ್ಲ. ಇಂದು ಸಿ ಭಾಷೆಯಲ್ಲಿ ಡಿವೈಸ್ ಡ್ರೈವರ್ ಬರೆಯುವವರು, ಕಾಲೇಜಿನ ಪ್ರಾಜೆಕ್ಟಿಗೆ ಮೈಕ್ರೊಕಂಟ್ರೋಲರ್ ಜೋಡಿಸುವವರು ಎಲ್ಲರೂ ಇದೇ ದಾರಿಯಲ್ಲಿ ಹಾದು ಹೋಗುತ್ತಾರೆ. ಲಿನಕ್ಸ್‌ನಲ್ಲಿ ಸಮಯ ಕೇಳಿದರೆ ಅದು ಸೆಕೆಂಡ್ ಮತ್ತು ನ್ಯಾನೊಸೆಕೆಂಡ್ ಎಂದು ಎರಡು ಪೂರ್ಣಾಂಕಗಳನ್ನು ಕೊಡುತ್ತದೆ. ಎರಡನ್ನು ಹೊತ್ತು ತಿರುಗುವುದು ರಗಳೆ ಎಂದು ಅವನ್ನು ಕೂಡಿಸಿ ಒಂದು ‘ಡಬಲ್’ನಲ್ಲಿ ತುಂಬಿಬಿಡುವ ಆಸೆ ಸಹಜ. ಆದರೆ 1970ರಿಂದ ಈಚೆಗೆ ಕಳೆದಿರುವುದು 170 ಕೋಟಿಗೂ ಹೆಚ್ಚು ಸೆಕೆಂಡ್. ಡಬಲ್‌ನ 53 ಬಿಟ್‌ಗಳಲ್ಲಿ 31 ಇದಕ್ಕೇ ಖರ್ಚಾಗುತ್ತವೆ. ಉಳಿದ ಬಿಟ್‌ಗಳು ಸುಮಾರು 240 ನ್ಯಾನೊಸೆಕೆಂಡಿನ ಹೆಜ್ಜೆಗಳನ್ನಷ್ಟೇ ಇಡಬಲ್ಲವು. ಅದಕ್ಕಿಂತ ಸಣ್ಣ ವ್ಯತ್ಯಾಸ ಸದ್ದಿಲ್ಲದೆ ಮಾಯ. ಅದೇ 64 ಬಿಟ್ ಪೂರ್ಣಾಂಕದಲ್ಲಿ ನ್ಯಾನೊಸೆಕೆಂಡ್‌ಗಳನ್ನೇ ಎಣಿಸಿದರೆ ಒಂದೂ ಕಳೆಯದೆ 2262ರವರೆಗೆ ಸಾಗಬಹುದು.

ಇನ್ನೊಂದು ಸೂಕ್ಷ್ಮವಿದೆ. ‘ಈಗ ಗಂಟೆ ಎಷ್ಟು?’ ಮತ್ತು ‘ಎಷ್ಟು ಹೊತ್ತಾಯಿತು?’ ಎಂಬುವು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಗೋಡೆ ಗಡಿಯಾರ ಬೇಕು, ಎರಡನೆಯದಕ್ಕೆ ಸ್ಟಾಪ್‌ವಾಚ್. ಲಿನಕ್ಸ್‌ನಲ್ಲಿ ಇವುಗಳ ಹೆಸರು ರಿಯಲ್‌ಟೈಮ್ ಮತ್ತು ಮೊನೊಟಾನಿಕ್. ಗೋಡೆ ಗಡಿಯಾರವನ್ನು ಯಾರಾದರೂ ತಿದ್ದಬಹುದು, ನೆಟ್‌ವರ್ಕ್ ಮೂಲಕ ಅದು ಹಿಂದಕ್ಕೂ ಸರಿಯಬಹುದು. ಅದರಿಂದ ಅವಧಿ ಅಳೆದರೆ, ಕೆಲಸ ಶುರುವಾಗುವ ಮೊದಲೇ ಮುಗಿಯಿತು ಎಂಬ ಉತ್ತರ ಬಂದರೂ ಅಚ್ಚರಿಯಿಲ್ಲ. ಮೊನೊಟಾನಿಕ್ ಗಡಿಯಾರ ಹಿಂದೆ ಹೋಗುವುದೇ ಇಲ್ಲ.

2012ರಲ್ಲಿ ಲಿನಕ್ಸ್ ಎಡವಿದ್ದು ಈ ಎರಡರ ನಡುವೆಯೇ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಆ ಜೂನ್ 30ರ ಕೊನೆಗೆ, ನಮ್ಮಲ್ಲಿ ಜುಲೈ 1ರ ಬೆಳಗಿನ 5.30ಕ್ಕೆ, ಒಂದು ಲೀಪ್ ಸೆಕೆಂಡ್ ಸೇರಿಸಲಾಯಿತು. ಗೋಡೆ ಗಡಿಯಾರ ಒಂದು ಸೆಕೆಂಡ್ ಹಿಂದೆ ಸರಿಯಿತು. ಆದರೆ ಕರ್ನಲ್‌ನ ಸೂಕ್ಷ್ಮ ಟೈಮರ್‌ಗಳಿಗೆ ಆ ಸುದ್ದಿ ಮುಟ್ಟಲಿಲ್ಲ. ಮಲಗಬೇಕಿದ್ದ ಪ್ರೋಗ್ರಾಂಗಳು ಮತ್ತೆ ಮತ್ತೆ ಎಚ್ಚರಗೊಂಡು ಪ್ರೊಸೆಸರ್‌ಗಳನ್ನು ಸುಮ್ಮನೆ ದುಡಿಸಿದವು. ಹಲವು ಜಾಲತಾಣಗಳು ನಿಂತವು.

ಇಂಥ ತಪ್ಪುಗಳಿಗೆಲ್ಲ ಒಂದು ಸಮಾನ ಗುಣವಿದೆ. ಮೇಜಿನ ಮೇಲೆ ಹತ್ತು ನಿಮಿಷ ಪರೀಕ್ಷಿಸಿದರೆ ಅವು ಕಾಣುವುದಿಲ್ಲ. ನೂರು ಗಂಟೆ ಅಥವಾ ವರ್ಷಗಳು ಕಳೆದ ಮೇಲೆ, ಬರೆದವರು ಹತ್ತಿರ ಇಲ್ಲದಾಗ ಎದ್ದು ಬರುತ್ತವೆ. 32 ಬಿಟ್‌ನಲ್ಲಿ ಸೆಕೆಂಡ್ ಎಣಿಸುವ ಹಳೆಯ ವ್ಯವಸ್ಥೆಗಳ ಲೆಕ್ಕ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಇಂದು ಗೋಡೆಗೆ ಹಾಕುವ ಯಂತ್ರ ಅಂದೂ ಅಲ್ಲೇ ಇರಬಹುದು.

ಇದಕ್ಕೆ ಲಿನಕ್ಸ್ ಬರೆದವರೇ ಒಂದು ಜಾಣ ಉಪಾಯ ಕಂಡುಕೊಂಡಿದ್ದಾರೆ. ಕರ್ನಲ್‌ನಲ್ಲಿ ‘ಜಿಫೀಸ್’ ಎಂಬ ಎಣಿಕೆ ಇದೆ. ಅದು ಸೊನ್ನೆಯಿಂದ ಶುರುವಾಗುವುದಿಲ್ಲ. 32 ಬಿಟ್ ಯಂತ್ರಗಳಲ್ಲಿ ಬೂಟ್ ಆದ ಐದೇ ನಿಮಿಷಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುವಂತೆ ಅದರ ಆರಂಭದ ಬೆಲೆಯನ್ನು ಇಟ್ಟಿದ್ದಾರೆ. ವಾರಗಟ್ಟಲೆ ಕಾದು ಬರಬೇಕಿದ್ದ ದೋಷ, ಡ್ರೈವರ್ ಬರೆದವರ ಕಣ್ಣೆದುರೇ ಐದು ನಿಮಿಷದಲ್ಲಿ ಬಂದು ನಿಲ್ಲುತ್ತದೆ.

ನೀವೂ ನಿಮ್ಮ ಪ್ರೋಗ್ರಾಂನ ಗಡಿಯಾರವನ್ನು ಒಮ್ಮೆ ನೂರನೇ ಗಂಟೆಯಿಂದ ಶುರು ಮಾಡಿ ನೋಡಿ. ದಹ್ರಾನ್‌ನಲ್ಲಿ ಆ ಪರೀಕ್ಷೆ ನಡೆದದ್ದು ಯುದ್ಧಭೂಮಿಯಲ್ಲಿ.